ಮಡಿಕೇರೀಲಿ ಸಮ್ಮರ್ ಇಂಟರ್ನ್‌ಶಿಪ್ಪಾ? ವೀಕೆಂಡ್ ಪ್ಲಾನನ್ನ ಲಾಸ್ಟ್ ಬಸ್ಸಿಂದ ಶುರು ಮಾಡಿ

ನಮ್ಮನೆ ವಿಜಯನಗರದಲ್ಲಿ, ಸ್ಯಾಟಲೈಟ್ ಬಸ್ ಸ್ಟ್ಯಾಂಡಿಗೆ ಆಟೋ ಹತ್ತಿದ್ರೆ ಇಳಿಯೋಷ್ಟರಲ್ಲಿ ಬಂದೇ ಬಿಡತ್ತೆ. ಅದಕ್ಕೇ ನಾನು ಎರಡು ತಿಂಗಳು ಮಡಿಕೇರಿಗೆ ಹೊರಟಾಗ ಅಮ್ಮ ಆಗ್ಲೇ ಲೆಕ್ಕ ಹಾಕಿ ಕೂತಿದ್ರು, ಶುಕ್ರವಾರ ರಾತ್ರಿ ಬಸ್ ಹತ್ತಿದ್ರೆ ಶನಿವಾರ ಬೆಳಿಗ್ಗೆ ತಿಂಡಿಗೆ ಮನೇಲಿರ್ತೀಯ, ಭಾನುವಾರ ರಾತ್ರಿ ವಾಪಸ್ ಹೋದ್ರಾಯ್ತು ಅಂತ. ಮೊದಲ್ನೇ ಎರಡು ವಾರ ಹಾಗೇ ಮಾಡ್ದೆ ಕೂಡ. ಶನಿವಾರ ಪೂರ್ತಿ ನಿದ್ದೆ, ಭಾನುವಾರ ಬಟ್ಟೆ ಒಗೆದು ಒಣಗಿಸೋದು, ಸೋಮವಾರ ಆಫೀಸಲ್ಲಿ ಸ್ಕೇಲ್ ಹಿಡ್ಕೊಂಡು ತೂಕಡಿಸೋದು. ಬೆಟ್ಟದ ಊರಿಗೆ ಹೋಗಿ ನೋಡಿದ್ದೇನಪ್ಪಾ ಅಂದ್ರೆ ರಾತ್ರಿ ಹೈವೇಲಿ ಬರೋ ಲಾರಿ ಹೆಡ್‌ಲೈಟು.

ಮೂರನೇ ವಾರದಿಂದ ನಿಂತ್ಕೊಂಡೆ. ಏಪ್ರಿಲ್ ಕೊನೆಯಿಂದ ಜೂನ್ ಕೊನೆವರೆಗೆ ಒಟ್ಟು ಒಂಬತ್ತು ವೀಕೆಂಡು, ಅದ್ರಲ್ಲಿ ಏಳು ಅಲ್ಲೇ ಕಳೆದೆ, ಕೈಲಿ ಗಾಡಿ ಇರ್ಲಿಲ್ಲ, ಸ್ಟೈಪೆಂಡು ಪಿಜಿಗೇ ಸರಿಹೋಗ್ತಿತ್ತು, ಆದ್ರೂ ಸುಮಾರು ಸುತ್ತಿದೀನಿ. ಈ ಸಲ ನಮ್ಮ ಕಾಲೇಜಿಂದ ಇಬ್ರು ಜೂನಿಯರ್ಸ್ ಹೋಗ್ತಿದಾರೆ, ಫೋನ್ ಮಾಡಿ ಮಾಡಿ ಕೇಳಿದ್ದನ್ನೇ ಕೇಳ್ತಿದ್ರು, ಸೋ ಒಂದೇ ಸಲ ಬರೆದು ಹಾಕ್ತಿದೀನಿ. ನಾನು ಆರ್ಕಿಟೆಕ್ಚರ್ ಓದೋಳು, ಹಳೇ ಮನೆಗಳನ್ನ ಅಳತೆ ತಗೊಂಡು ಡ್ರಾಯಿಂಗ್ ಮಾಡೋ ಸಣ್ಣ ಆಫೀಸಲ್ಲಿ ಕೆಲ್ಸ, ಹಾಗಾಗಿ ಹಳೇ ಕಟ್ಟಡದ ಕಡೆ ಸ್ವಲ್ಪ ಜಾಸ್ತಿ ವಾಲಿದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ.

ಸ್ಟೆಪ್ 1: ಬೆಂಗಳೂರು ಬಿಡೋ ಮುಂಚೆ

ಕೊಡಗಿಗೆ ರೈಲಿಲ್ಲ. ಇಡೀ ಜಿಲ್ಲೇಲಿ ಒಂದೂ ಸ್ಟೇಷನ್ ಇಲ್ಲ, ಮೈಸೂರು ತನಕ ರೈಲಲ್ಲಿ ಹೋಗಿ ಅಲ್ಲಿಂದ ಬಸ್ ಹಿಡೀಬಹುದು ಅಷ್ಟೇ. ಬೆಂಗಳೂರಿಂದ ಹೆಚ್ಚುಕಮ್ಮಿ 265 ಕಿಲೋಮೀಟರ್, ಮೈಸೂರು ರೋಡ್ ಸ್ಯಾಟಲೈಟ್ ನಿಲ್ದಾಣದಿಂದ ಕೆಎಸ್‌ಆರ್‌ಟಿಸಿ ಬಸ್ಸು, ಮೈಸೂರು, ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ದಾಟಿ ಆರು ಗಂಟೆ ಅಂತ ಇಟ್ಕೊಳ್ಳಿ. ಕುಶಾಲನಗರ ಆದ್ಮೇಲೆ ಏರು ಶುರು, ವಾಂತಿ ಬರೋರು ಮುಂದಿನ ಸೀಟ್ ಬುಕ್ ಮಾಡಿ.

ಹುಡುಗೀರಿಗೆ ಒಂದು ಮುಖ್ಯವಾದ ವಿಷ್ಯ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆಯಲ್ಲ, ಕರ್ನಾಟಕದ ವಿಳಾಸ ಇರೋ ಆಧಾರ್ ತೋರಿಸಿದ್ರೆ ಸಾಮಾನ್ಯ ಬಸ್ಸು, ವೇಗದೂತ ಎಲ್ಲ ಫ್ರೀ. ರಾಜಹಂಸ, ಐರಾವತಕ್ಕೆ ದುಡ್ಡು ಕೊಡ್ಬೇಕು. ನಾನು ಕೆಂಪು ಬಸ್ಸಲ್ಲೇ ಓಡಾಡಿದ್ದು. ಆದ್ರೆ ಮಡಿಕೇರಿಯಿಂದ ಒಳಗಿನ ಹಳ್ಳಿಗಳಿಗೆ ಹೋಗೋದು ಜಾಸ್ತಿ ಪ್ರೈವೇಟ್ ಬಸ್ಸುಗಳು, ಅಲ್ಲಿ ಶಕ್ತಿ ನಡಿಯಲ್ಲ, ನಾನು ಮೊದಲ್ನೇ ಸಲ ಗತ್ತಿನಿಂದ ಆಧಾರ್ ತೆಗೆದು ತೋರಿಸಿದಾಗ ಕಂಡಕ್ಟರ್ ಅಣ್ಣ "ಫೋಟೋ ಚೆನ್ನಾಗಿದೆ, ಈಗ ದುಡ್ಡು ಕೊಡಿ" ಅಂದ್ರು.

ಬ್ಯಾಗಿಗೆ ಏನು ಹಾಕ್ಬೇಕು ಅಂದ್ರೆ, ಮೇ ತಿಂಗಳು ಅಂತ ಬರೀ ಕಾಟನ್ ಟೀಶರ್ಟ್ ತುಂಬ್ಕೊಂಡು ಹೋಗ್ಬೇಡಿ. ಊರು ಇರೋದು 1,150 ಮೀಟರ್ ಎತ್ತರದಲ್ಲಿ, ಬೆಂಗಳೂರಿಗಿಂತ ಜಾಸ್ತಿ ಏನಲ್ಲ ಅನ್ಸತ್ತೆ, ಆದ್ರೆ ಸಂಜೆ ಮಂಜು ಬಂತು ಅಂದ್ರೆ ಸ್ವೆಟರ್ ಬೇಕೇ ಬೇಕು. ಛತ್ರಿ ಅಲ್ದೇ ರೈನ್‌ಕೋಟು, ಯಾಕಂದ್ರೆ ಜೂನಲ್ಲಿ ಮಳೆ ಮೇಲಿಂದ ಬರಲ್ಲ, ಸೈಡಿಂದ ಬರತ್ತೆ. ಪವರ್ ಬ್ಯಾಂಕು, ಟಾರ್ಚು, ಪ್ಲಾಸ್ಟಿಕ್ ಕವರ್ ಒಂದಷ್ಟು, ಮತ್ತೆ ಸಿಂಥೆಟಿಕ್ ಬಟ್ಟೆ. ಜೀನ್ಸ್ ಬೇಡವೇ ಬೇಡ, ಜೂನ್ ಎರಡನೇ ವಾರ ಒದ್ದೆಯಾದ ನನ್ನ ಜೀನ್ಸು ಪೂರ್ತಿ ಒಣಗಿದ್ದು ವಿಜಯನಗರದ ತಾರಸಿ ಮೇಲೆ.

ಸ್ಟೆಪ್ 2: ಮೊದಲ ಶುಕ್ರವಾರದೊಳಗೆ ಬಸ್ ಟೈಮಿಂಗ್ ಬರ್ಕೊಳ್ಳಿ

ಇಡೀ ಗೈಡಲ್ಲಿ ಇದೊಂದು ಓದಿದ್ರೂ ಸಾಕು. ಬೆಂಗಳೂರಲ್ಲಿ ಬೆಳೆದೋರಿಗೆ ಒಂದು ರೋಗ ಇದೆ, ಎಲ್ಲಿಗಾದ್ರೂ ಹೋಗ್ಬೇಕು ಅಂದ್ರೆ ಮೊದಲು ಜಾಗ ನೋಡ್ತೀವಿ, ಆಮೇಲೆ ಹೇಗೆ ಹೋಗೋದು ಅಂತ ಯೋಚ್ನೆ ಮಾಡ್ತೀವಿ, ವಾಪಸ್ ಬರೋದಂತೂ ತಲೇಲೇ ಇರಲ್ಲ, ಯಾಕಂದ್ರೆ ಹನ್ನೊಂದಕ್ಕೂ ಮೆಟ್ರೋ ಇರತ್ತೆ, ಇಲ್ಲಾಂದ್ರೆ ಆಟೋ. ಅಲ್ಲಿ ಉಲ್ಟಾ. ವಾಪಸ್ ಬರೋ ಲಾಸ್ಟ್ ಬಸ್ ಎಷ್ಟೊತ್ತಿಗೆ ಅನ್ನೋದು ಫಸ್ಟು, ಆ ಬಸ್ಸಿನೊಳಗೆ ಎಷ್ಟು ದೂರ ಹೋಗಿ ಬರಬಹುದು ಅನ್ನೋದು ಸೆಕೆಂಡು, ಜಾಗ ಯಾವುದು ಅನ್ನೋದು ಮೂರನೇದು.

ಮಡಿಕೇರೀಲಿ ಕೆಎಸ್‌ಆರ್‌ಟಿಸಿ ಸ್ಟ್ಯಾಂಡ್ ಬೇರೆ, ಪ್ರೈವೇಟ್ ಬಸ್ ಸ್ಟ್ಯಾಂಡ್ ಬೇರೆ. ಒಂದು ಸಂಜೆ ಆಫೀಸ್ ಮುಗಿಸ್ಕೊಂಡು ಎರಡೂ ಕಡೆ ಹೋಗಿ. ಸರ್ಕಾರಿ ಸ್ಟ್ಯಾಂಡಲ್ಲಿ ವಿಚಾರಣೆ ಕೌಂಟರಲ್ಲಿ ಕೇಳಿ, ಪ್ರೈವೇಟ್ ಕಡೆ ಏಜೆಂಟು ಇಲ್ಲಾ ಪಕ್ಕದ ಟೀ ಅಂಗಡಿಯೋರ್ನ ಕೇಳಿ, ಟೀ ಅಂಗಡಿಯೋರು ಹೇಳೋದೇ ಜಾಸ್ತಿ ಕರೆಕ್ಟು. ಕೇಳ್ಬೇಕಾದ ಪ್ರಶ್ನೆ ನಾಲ್ಕು: ಬೆಳಿಗ್ಗೆ ಫಸ್ಟ್ ಬಸ್ ಎಷ್ಟೊತ್ತಿಗೆ, ಅಲ್ಲಿಂದ ವಾಪಸ್ ಲಾಸ್ಟ್ ಎಷ್ಟೊತ್ತಿಗೆ, ಲಾಸ್ಟ್ ಬಸ್ಸಿಗೆ ಮುಂಚಿಂದು ಎಷ್ಟೊತ್ತಿಗೆ, ಮತ್ತೆ ಭಾನುವಾರ ಆ ಬಸ್ಸು ಇದ್ಯಾ ಇಲ್ವಾ. ನಾಲ್ಕನೇದನ್ನ ಮರೀಬೇಡಿ, ಸ್ಕೂಲು ಆಫೀಸಿಗೆ ಅಂತಾನೇ ಓಡೋ ಕೆಲವು ಟ್ರಿಪ್ ಭಾನುವಾರ ಇರಲ್ಲ. ಭಾಗಮಂಡಲ, ನಾಪೋಕ್ಲು, ಕಕ್ಕಬ್ಬೆ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ ಇಷ್ಟು ಊರಿಗೆ ಪೇಪರಲ್ಲಿ ಬರೆದು ಫೋಟೋ ತೆಗೆದು ಇಟ್ಕೊಳ್ಳಿ. ಫೋಟೋ ಯಾಕೆ ಅಂದ್ರೆ ಒಳಗೆ ಹೋದ್ರೆ ನೆಟ್‌ವರ್ಕ್ ಸಿಗಲ್ಲ, ಮ್ಯಾಪ್ ಕೂಡ ಆಫ್‌ಲೈನ್ ಡೌನ್‌ಲೋಡ್ ಮಾಡಿಟ್ಕೊಂಡಿರ್ಬೇಕು.

ಪ್ಲಾನ್ ಮಾಡೋವಾಗ ಲಾಸ್ಟ್ ಬಸ್ಸನ್ನ ಲೆಕ್ಕಕ್ಕೇ ಹಿಡೀಬೇಡಿ, ಅದಕ್ಕೆ ಮುಂಚಿನ ಬಸ್ಸೇ ನಿಮ್ಮ ಬಸ್ಸು. ನಾನಿದನ್ನ ಕಲಿತಿದ್ದು ಕಕ್ಕಬ್ಬೇಲಿ. ಬೆಟ್ಟ ಇಳ್ಕೊಂಡು ಬರ್ತಾ ಲೇಟಾಯ್ತು, ರೋಡಿಗೆ ಬಂದಾಗ ಬಸ್ಸಿನ ಹಿಂಭಾಗ ಕಾಣಿಸ್ತು, ಕೂಗಿದೆ, ಓಡಿದೆ, ಹೋಯ್ತು. ನೋಡ್ತಾ ನೋಡ್ತಾ ಕತ್ಲೆ, ಜೊತೇಲಿ ನನ್ನ ಫ್ರೆಂಡ್ ಒಬ್ಳು, ಇಬ್ರ ಫೋನಲ್ಲೂ ಒಂದು ಕಡ್ಡಿ ಸಿಗ್ನಲ್ ಇಲ್ಲ. ಅಂಗಡಿ ಬಾಗಿಲು ಹಾಕ್ತಿದ್ದ ಆಂಟಿ ಒಬ್ರು ಕೂರಿಸಿ, ಬ್ಲ್ಯಾಕ್ ಕಾಫಿ ಕೊಟ್ಟು, ಲ್ಯಾಂಡ್‌ಲೈನಿಂದ ಯಾರಿಗೋ ಫೋನ್ ಮಾಡಿ ಜೀಪ್ ತರಿಸಿದ್ರು. ಜೀಪಿಗೆ ಕೊಟ್ಟ ದುಡ್ಡಲ್ಲಿ ಆ ತಿಂಗಳ ಮಿಕ್ಕ ಎಲ್ಲ ಟ್ರಿಪ್ಪೂ ಆಗಿ ಹೋಗ್ತಿತ್ತು. ಅದೂ ಕ್ಯಾಶೇ ಕೊಡ್ಬೇಕಿತ್ತು, ಸಿಗ್ನಲ್ ಇಲ್ದೇ ಇರೋ ಕಡೆ ಯುಪಿಐ ಎಲ್ಲಿಂದ ಬರತ್ತೆ, ಪುಣ್ಯಕ್ಕೆ ಫ್ರೆಂಡ್ ಹತ್ರ ಇತ್ತು. ಅವತ್ತಿಂದ ಫೋನ್ ಕವರ್ ಹಿಂದೆ ಎರಡು ಐನೂರು ರೂಪಾಯಿ ನೋಟು ಯಾವಾಗ್ಲೂ.

ಸ್ಟೆಪ್ 3: ಬೆಂಗಳೂರಿನೋರು ಬರೋ ಟೈಮ್ ತಿಳ್ಕೊಂಡು ಅದಕ್ಕೆ ಉಲ್ಟಾ ಹೋಗಿ

ನಾನೂ ಬೆಂಗಳೂರೋಳೇ, ಬೇಜಾರಾಗ್ಬೇಡಿ. ಆದ್ರೆ 2011ರ ಜನಗಣತೀಲಿ ಮಡಿಕೇರಿ ಜನಸಂಖ್ಯೆ 33 ಸಾವಿರ ಚಿಲ್ರೆ, ನಮ್ಮ ಒಂದು ವಾರ್ಡಿನಷ್ಟು. ಅಂಥ ಊರಿಗೆ ಶನಿವಾರ ಬಂತು ಅಂದ್ರೆ ನಮ್ಮೂರಿನ ಕಾರುಗಳೆಲ್ಲ ಒಟ್ಟಿಗೇ ನುಗ್ಗತ್ತೆ. ನಾನು ಎರಡ್ಮೂರು ವಾರ ಗಮನಿಸಿ ಕಂಡ್ಕೊಂಡಿದ್ದು ಏನಂದ್ರೆ ಈ ನುಗ್ಗಾಟಕ್ಕೂ ಒಂದು ಟೈಮ್‌ಟೇಬಲ್ ಇದೆ. ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟೋರು ದಾರೀಲಿ ತಟ್ಟೆ ಇಡ್ಲಿ ತಿಂದು ಹನ್ನೊಂದರ ಹೊತ್ತಿಗೆ ಕುಶಾಲನಗರ, ದುಬಾರೆ ಆನೆ ಕ್ಯಾಂಪ್ ಕಡೆ ಸೇರ್ತಾರೆ, ಮಧ್ಯಾಹ್ನ ಮಡಿಕೇರಿ, ಮೂರು ಗಂಟೆಗೆ ಅಬ್ಬಿ ಫಾಲ್ಸು, ಸಂಜೆ ಎಲ್ರೂ ರಾಜಾಸೀಟು. ಭಾನುವಾರ ಬೆಳಕು ಹರಿಯೋ ಮುಂಚೆ ಜೀಪಲ್ಲಿ ಮಾಂದಲಪಟ್ಟಿ ಬೆಟ್ಟ, ಮಧ್ಯಾಹ್ನ ಊಟ ಆದ್ಮೇಲೆ ಚಾಕ್ಲೇಟು, ವೈನು, ಕಾಫಿಪುಡಿ ತಗೊಂಡು ವಾಪಸ್. ಭಾನುವಾರ ನಾಲ್ಕು ಗಂಟೆ ಹೊತ್ತಿಗೆ ಊರು ಉಸಿರು ಬಿಡತ್ತೆ.

ನಿಮಗೆ ಅಲ್ಲೇ ರೂಮಿದೆ, ಅದೇ ನಿಮ್ಮ ಲಾಟ್ರಿ. ಶನಿವಾರ ಬೆಳಿಗ್ಗೆ ಹತ್ತರೊಳಗೆ ಊರ ಹತ್ರದ ಜಾಗ ಮುಗಿಸಿ. ಶನಿವಾರ ಮಧ್ಯಾಹ್ನದಿಂದ ಭಾನುವಾರ ಮಧ್ಯಾಹ್ನದವರೆಗೆ ಟೂರಿಸ್ಟು ಕಾರು ಕಮ್ಮಿ ಬರೋ ಕಡೆ ಬಸ್ಸಲ್ಲಿ ಹೋಗಿ. ಭಾನುವಾರ ಸಂಜೆ ರಾಜಾಸೀಟಿಗೆ ಬನ್ನಿ, ಅದೇ ಸೂರ್ಯ, ಅದೇ ಕಣಿವೆ, ಶನಿವಾರ ಸೆಲ್ಫಿ ಸ್ಟಿಕ್ ಮಧ್ಯ ಕಾಣಿಸದೇ ಇದ್ದಿದ್ದು ಭಾನುವಾರ ಕಲ್ಲು ಬೆಂಚ್ ಮೇಲೆ ಕಾಲು ಚಾಚಿ ನೋಡಬಹುದು. ಲಾಂಗ್ ವೀಕೆಂಡ್ ಬಂದ್ರೆ ಮಾತ್ರ ಈ ಲೆಕ್ಕ ಎಲ್ಲ ಕೆಡತ್ತೆ, ಆಗ ನೀವೇ ಬೆಂಗಳೂರಿಗೆ ಹೋಗ್ಬಿಡಿ, ಸಿಟಿ ಖಾಲಿ ಇರತ್ತೆ. ನಾನು ಮನೆಗೆ ಬಂದ ಎರಡು ಸಲದಲ್ಲಿ ಒಂದು ಸಲ ಹಾಗೇ ಬಂದಿದ್ರೆ ಎಷ್ಟು ಚೆನ್ನಾಗಿರ್ತಿತ್ತು ಅಂತ ಈಗ ಅನ್ಸತ್ತೆ.

ಸ್ಟೆಪ್ 4: ಮೊದಲ ವೀಕೆಂಡ್ ಊರೊಳಗೇ, ನಡ್ಕೊಂಡು

ಬಸ್ಸು ಗಿಸ್ಸು ಏನೂ ಬೇಡ. ಬೆಳಿಗ್ಗೆ ಏಳಕ್ಕೆ ಓಂಕಾರೇಶ್ವರ ದೇವಸ್ಥಾನದಿಂದ ಶುರು ಮಾಡಿ. 1820ರಲ್ಲಿ ಕೊಡಗಿನ ರಾಜ ಲಿಂಗರಾಜೇಂದ್ರ ಕಟ್ಟಿಸಿದ್ದು, ಗೋಪುರ ಇರೋ ಜಾಗದಲ್ಲಿ ಗುಮ್ಮಟ, ನಾಲ್ಕು ಮೂಲೇಲಿ ಮಿನಾರು ಥರದ್ದು, ಹೊರಗಿಂದ ನೋಡಿದ್ರೆ ದೇವಸ್ಥಾನ ಅಂತ ಹೇಳೋದೇ ಕಷ್ಟ, ಮುಂದೆ ಕಲ್ಯಾಣಿ, ಅದ್ರ ಮಧ್ಯ ಮಂಟಪ. ಕಲ್ಯಾಣಿಯಲ್ಲಿ ಮೀನು ದಪ್ಪ ದಪ್ಪ ಇದಾವೆ. ಅಲ್ಲಿಂದ ಕೋಟೆಗೆ ನಡೀರಿ. ಒಳಗೆ ಎರಡು ಗಾರೆ ಆನೆ ನಿಂತಿದಾವೆ, ನಿಜವಾದ ಸೈಜು, ಬ್ರಿಟಿಷರ ಕಾಲದ ಚರ್ಚು ಈಗ ಮ್ಯೂಸಿಯಂ ಆಗಿದೆ. ಆಮೇಲೆ ಗದ್ದುಗೆ, ರಾಜರ ಸಮಾಧಿಗಳು, ಅಲ್ಲೂ ಗುಮ್ಮಟಗಳೇ. ಒಂದೇ ಬೆಳಿಗ್ಗೆ ಈ ಮೂರನ್ನೂ ಒಟ್ಟಿಗೆ ನೋಡಿದ್ರೆ ಈ ಲಿಂಗಾಯತ ರಾಜರಿಗೆ ಗುಮ್ಮಟ ಅಂದ್ರೆ ಎಷ್ಟು ಇಷ್ಟ ಇತ್ತು ಅಂತ ಗೊತ್ತಾಗತ್ತೆ, ಬೇರೆ ಬೇರೆ ದಿನ ನೋಡಿದ್ರೆ ಇದು ಹೊಳೆಯಲ್ಲ.

ಇನ್ನು ಶುಕ್ರವಾರದ ಸಂತೆ. ಸ್ಟ್ರಿಕ್ಟಾಗಿ ಹೇಳಿದ್ರೆ ವೀಕೆಂಡ್ ಅಲ್ಲ, ಆದ್ರೆ ಆಫೀಸಿಂದ ಅರ್ಧ ಗಂಟೆ ಮುಂಚೆ ಬಿಡಿಸ್ಕೊಂಡು ಹೋಗಿ. ವಾರದ ಹಣ್ಣು ತರಕಾರಿ ಅಲ್ಲೇ ತಗೊಳ್ಳಿ, ನಾಳೆ ದಾರಿಗೆ ಬೇಕಾದ ಬಾಳೆಹಣ್ಣು, ಕಡ್ಲೆಕಾಯಿ ಎಲ್ಲ ಸಿಗತ್ತೆ. ಮುಖ್ಯ ಅಂದ್ರೆ ಸುತ್ತಮುತ್ತಲ ಹಳ್ಳಿಯೋರು ಬಂದಿರ್ತಾರೆ, ನಾಳೆ ಯಾವ ಕಡೆ ಮಳೆ, ಯಾವ ರೋಡ್ ಕೆಟ್ಟಿದೆ, ಯಾವ ಕಡೆ ಆನೆ ಇಳಿದಿದೆ ಅನ್ನೋ ಸುದ್ದಿ ಯಾವ ಆ್ಯಪಲ್ಲೂ ಇಷ್ಟು ಕರೆಕ್ಟಾಗಿ ಸಿಗಲ್ಲ.

ಸ್ಟೆಪ್ 5: ಮೇ ತಿಂಗಳು ಮುಗಿಯೋದ್ರೊಳಗೆ ಮಾಡ್ಬೇಕಾದ ಮೂರು

ಮೊದಲ್ನೇದು ಕೊಡವ ಹಾಕಿ ಹಬ್ಬ. ಬೇಸಿಗೇಲಿ ಹೋದೋರು ಇದನ್ನ ತಪ್ಪಿಸ್ಕೊಂಡ್ರೆ ನನಗೆ ಸಿಟ್ಟೇ ಬರತ್ತೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡ ಅನ್ನೋ ಊರಲ್ಲಿ ಶುರು ಮಾಡಿದ್ದು, ಒಂದೊಂದು ವರ್ಷ ಒಂದೊಂದು ಕುಟುಂಬ ಜವಾಬ್ದಾರಿ ಹೊತ್ಕೊಂಡು ನಡೆಸತ್ತೆ, ಸಾಮಾನ್ಯವಾಗಿ ಏಪ್ರಿಲ್ ಸುತ್ತಮುತ್ತ, ಜಾಗಾನೂ ಬದಲಾಗತ್ತೆ. 2024ರಲ್ಲಿ ನಾಪೋಕ್ಲಲ್ಲಿ ಆದಾಗ 360 ಟೀಮು ಆಡಿದ್ವು. ಟೀಮು ಅಂದ್ರೆ ಊರಿನ ಟೀಮಲ್ಲ, ಮನೆತನದ ಟೀಮು, ಕೊಡವರಲ್ಲಿ ಒಕ್ಕ ಅಂತಾರೆ. ಹಾಗಾಗಿ ಒಂದೇ ಟೀಮಲ್ಲಿ ಬೂಟು ಕಟ್ಟಿರೋ ಪ್ಲೇಯರ್ರು, ಹೊಟ್ಟೆ ಬಂದಿರೋ ಚಿಕ್ಕಪ್ಪ, ಕಾಲೇಜ್ ಹುಡುಗಿ, ಸ್ಕೂಲ್ ಹುಡುಗ ಎಲ್ರೂ ಇರ್ತಾರೆ. ನಾನು ನೋಡಿದ ಮ್ಯಾಚಲ್ಲಿ ಅಜ್ಜ ಒಬ್ರು ಎರಡು ನಿಮಿಷ ಫೀಲ್ಡಲ್ಲಿ ನಿಂತು ಬಾಲ್ ಒಂದ್ಸಲ ಮುಟ್ಟಿ ಹೊರಗೆ ಬಂದ್ರು, ಗ್ಯಾಲರಿ ಪೂರ್ತಿ ಎದ್ದು ಚಪ್ಪಾಳೆ. ಕಾಮೆಂಟ್ರಿಯಲ್ಲಿ ಕೊಡವ ತಕ್ಕ್, ಅಂದ್ರೆ ಕೊಡವರ ಭಾಷೆ, ಅರ್ಧ ಅರ್ಥ ಆಗತ್ತೆ ಅರ್ಧ ಆಗಲ್ಲ, ಪರವಾಗಿಲ್ಲ. ಟೋಪಿ, ನೀರು ತಗೊಂಡು ಹೋಗಿ, ಬಿಸಿಲು ಜೋರು. ಆ ಕಡೆ ಬಸ್ಸಲ್ಲಿ ಸ್ಟಿಕ್ ಹಿಡ್ಕೊಂಡಿರೋರ್ನ ಫಾಲೋ ಮಾಡಿದ್ರೆ ಗ್ರೌಂಡಿಗೇ ಕರ್ಕೊಂಡು ಹೋಗ್ತಾರೆ.

ಎರಡನೇದು ತಡಿಯಂಡಮೋಳ್, 1,748 ಮೀಟರ್, ಕೊಡಗಿನ ಅತಿ ಎತ್ತರದ ಬೆಟ್ಟ. ಕಕ್ಕಬ್ಬೆ ಹತ್ರ ನಾಲ್ಕುನಾಡು ಅರಮನೆಯಿಂದ ಹತ್ತೋದು. ಬೆಟ್ಟಕ್ಕಿಂತ ಮುಂಚೆ ಅರಮನೆ ನೋಡಿ, 1792ರಲ್ಲಿ ದೊಡ್ಡವೀರರಾಜೇಂದ್ರ ಕಟ್ಟಿಸಿದ್ದು, ಅರಮನೆ ಅಂದ್ರೆ ಮೈಸೂರು ಅರಮನೆ ಥರ ಅನ್ಕೊಂಡು ಹೋಗ್ಬೇಡಿ, ಎರಡಂತಸ್ತಿನ ದೊಡ್ಡ ಮನೆ ಅಷ್ಟೇ, ಕಾಡಿನ ಮಧ್ಯ ಅಡಗಿ ಕೂತಿದೆ, ಅಡಗೋಕೇ ಕಟ್ಟಿಸಿದ್ದು ಅನ್ಸತ್ತೆ ನೋಡಿದ್ರೆ. ಮರದ ಕೆತ್ತನೆ, ಗೋಡೆ ಮೇಲೆ ಚಿತ್ರ ಇದೆ. ಟ್ರೆಕ್ಕಿಗೆ ಅರಣ್ಯ ಇಲಾಖೆ ಪರ್ಮಿಷನ್ ಬೇಕು, ಬೇಸಿಗೇಲಿ ಬೆಂಕಿ ಭಯಕ್ಕೆ ಬಂದ್ ಮಾಡೋದೂ ಉಂಟು, ಮಳೆ ಜೋರಾದ್ರೆ ಅದಕ್ಕೂ ಬಂದ್, ಹಾಗಾಗಿ ಹೊರಡೋ ಹಿಂದಿನ ದಿನ ಓಪನ್ ಇದ್ಯಾ ಅಂತ ಕೇಳ್ಕೊಂಡೇ ಹೊರಡಿ. ಹತ್ತಿ ಇಳಿಯೋಕೆ ಐದಾರು ಗಂಟೆ. ಮೊದಲು ತೋಟ, ಆಮೇಲೆ ಶೋಲಾ ಕಾಡು, ಕೊನೇ ಏರು ಬರೀ ಹುಲ್ಲು, ನೆರಳಿಲ್ಲ, ಮಂಡಿಗೆ ಕೈ ಕೊಟ್ಟು ಹತ್ತೋ ಹಾಗಿದೆ. ಫಸ್ಟ್ ಬಸ್ಸಿಗೇ ಹೋಗಿ, ಎಷ್ಟೇ ಚೆನ್ನಾಗಿದ್ರೂ ಹನ್ನೆರಡೂವರೆಗೆ ಎಲ್ಲಿದೀರೋ ಅಲ್ಲಿಂದ ತಿರುಗಿ, ಮೇಲೆ ಹೇಳಿದ ನನ್ನ ಜೀಪ್ ಕಥೆ ಇದೇ ಬೆಟ್ಟದ್ದು.

ಮೂರನೇದು ಭಾಗಮಂಡಲ, ತಲಕಾವೇರಿ. ಮಡಿಕೇರಿಯಿಂದ ಸುಮಾರು 40 ಕಿಲೋಮೀಟರ್ ಭಾಗಮಂಡಲ, ಅಲ್ಲಿಂದ ಮೇಲಕ್ಕೆ ಇನ್ನೂ 8. ಭಾಗಮಂಡಲಕ್ಕೆ ಬಸ್ ಸಾಕಷ್ಟಿದೆ, ಮೇಲಕ್ಕೆ ಕಮ್ಮಿ, ನಾವು ಹೋಗ್ತಾ ಬಸ್ಸಲ್ಲಿ ಹೋಗಿ ಇಳೀತಾ ನಡ್ಕೊಂಡು ಬಂದ್ವಿ, ಎರಡು ಗಂಟೆ ಇಳಿಜಾರು, ಆರಾಮು. ತಲಕಾವೇರೀಲಿ ಮೊದಲ್ನೇ ಸಲ ನಿಂತಾಗ ನಗು ಬಂತು. ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕೋವಾಗ ನಾವು ಕೇಳೋ ಮೊದಲ ಪ್ರಶ್ನೆ "ಕಾವೇರಿ ಕನೆಕ್ಷನ್ ಇದ್ಯಾ" ಅಂತ, ನೂರು ಕಿಲೋಮೀಟರ್ ಆಚೆಯಿಂದ ಪಂಪ್ ಮಾಡಿ ತಂದು ಎರಡು ದಿನಕ್ಕೊಮ್ಮೆ ಬಿಡ್ತಾರೆ, ಆ ಕಾವೇರಿ ಹುಟ್ಟೋ ಕುಂಡಿಕೆ ನಮ್ಮನೆ ಸಂಪಿಗಿಂತ ಚಿಕ್ಕದು. ಅಮ್ಮನಿಗೆ ಒಂದು ಬಾಟ್ಲು ತೀರ್ಥ ತಂದೆ, ಎಲ್ಲ ಬೈಗುಳ ಅಲ್ಲಿಗೆ ನಿಂತ್ವು. ಭಾಗಮಂಡಲದಲ್ಲಿ ಕನ್ನಿಕೆ ಸೇರತ್ತೆ, ಸುಜ್ಯೋತಿ ಅಂತ ಇನ್ನೊಂದು ಗುಪ್ತಗಾಮಿನಿ, ಅದಕ್ಕೇ ತ್ರಿವೇಣಿ ಸಂಗಮ. ಮಳೆಗಾಲದಲ್ಲಿ ನೀರು ಉಕ್ಕಿ ಸಂಗಮಾನೇ ಮುಳುಗತ್ತೆ, ಆದ್ರಿಂದ ಮೇ ತಿಂಗಳಲ್ಲೇ ಮುಗಿಸ್ಬಿಡಿ.

ಅಬ್ಬಿ ಫಾಲ್ಸ್ ಮೇ ತಿಂಗಳಲ್ಲಿ ನೋಡ್ಬೇಡಿ. ಊರಿಂದ ಏಳೆಂಟು ಕಿಲೋಮೀಟರು, ಹತ್ರ ಇದೆ ಅಂತ ಎಲ್ರೂ ಮೊದಲು ಅಲ್ಲಿಗೇ ಓಡೋದು, ಆಗ ಬಂಡೆ ಜಾಸ್ತಿ ನೀರು ಕಮ್ಮಿ.

ಸ್ಟೆಪ್ 6: ಜೂನ್ ಬಂದ್ಮೇಲೆ ಇಂಚಿನ ಲೆಕ್ಕ ಕಲೀರಿ

ಕೊಡಗಿನ ತೋಟದೋರ ಮನೇಲಿ ಮಳೆ ಅಳೆಯೋ ಜಾರು ಇರತ್ತೆ, ಬೆಳಿಗ್ಗೆ ಎದ್ದು ನೋಡಿ ಬರ್ಕೋತಾರೆ. "ನಮ್ಮಲ್ಲಿ ರಾತ್ರಿ ಮೂರು ಇಂಚು, ನಿಮ್ಮಲ್ಲೆಷ್ಟು" ಅನ್ನೋದು ಅಲ್ಲಿ ತಿಂಡಿ ಆಯ್ತಾ ಅಂತ ಕೇಳ್ದಂಗೆ. ನಮ್ಮ ಪಿಜಿ ಆಂಟಿ ಕೂಡ ಹಾಗೇ. ಟೀವೀಲಿ ಬರೋದು ಯೆಲ್ಲೋ, ಆರೆಂಜ್, ರೆಡ್ ಅಲರ್ಟ್, ಅಲ್ಲಿ ಜನ ಮಾತಾಡೋದು ಇಂಚು, ಎರಡನ್ನೂ ಜೋಡಿಸ್ಕೊಂಡ್ರೆ ಪ್ಲಾನ್ ಮಾಡೋದು ಸುಲಭ. ಹವಾಮಾನ ಇಲಾಖೆ ಲೆಕ್ಕದಲ್ಲಿ 24 ಗಂಟೇಲಿ 64.5 ಮಿಲಿಮೀಟರ್ ದಾಟಿದ್ರೆ ಭಾರಿ ಮಳೆ, ಅಂದ್ರೆ ಎರಡೂವರೆ ಇಂಚು, ಯೆಲ್ಲೋ. 115.6 ದಾಟಿದ್ರೆ ಅತಿ ಭಾರಿ, ನಾಲ್ಕೂವರೆ ಇಂಚು, ಆರೆಂಜು. 204.4 ಮೇಲೆ ಹೋದ್ರೆ ರೆಡ್ಡು, ಎಂಟು ಇಂಚು.

ನನ್ನ ರೂಲ್ ಹೀಗಿತ್ತು. ಯೆಲ್ಲೋ ಅಂದ್ರೆ ಬಸ್ಸಲ್ಲಿ ಹೋಗೋ ಊರು ಓಕೆ, ಬೆಟ್ಟ ಬೇಡ. ಆರೆಂಜ್ ಅಂದ್ರೆ ಕುಶಾಲನಗರದ ಕಡೆ ಮಾತ್ರ, ಅದು ಪೂರ್ವದ ಬಯಲು ಸೀಮೆ ಅಂಚು, ಮಡಿಕೇರೀಲಿ ಹುಯ್ತಿರೋವಾಗ ಅಲ್ಲಿ ಬಿಸಿಲಿರೋದೂ ಇದೆ. ರೆಡ್ ಅಂದ್ರೆ ರೂಮಲ್ಲೇ ಕಂಬಳಿ. ಇನ್ನೊಂದು ಸಿಗ್ನಲ್ಲು, ಶನಿವಾರ ಶಾಲೆಗಳಿಗೆ ಡಿಸಿ ರಜೆ ಕೊಟ್ರೆ ನೀವೂ ರಜೆ ತಗೊಳ್ಳಿ, ಹೊರಗೆ ಹೋಗ್ಬೇಡಿ. 2018ರ ಆಗಸ್ಟಲ್ಲಿ ಗುಡ್ಡ ಕುಸಿದು ಮಡಿಕೇರಿ ಸುತ್ತ ಊರುಗಳೇ ಹೋದ್ವು, ಅದನ್ನ ನೋಡಿದೋರು "ಇವತ್ತು ಆ ಕಡೆ ಹೋಗ್ಬೇಡಿ" ಅಂದ್ರೆ ಯಾಕೆ ಏನು ಅಂತ ವಾದ ಮಾಡೋದು ಸರಿಯಲ್ಲ. ನಾನು ಒಂದ್ಸಲ ವಾದ ಮಾಡ್ದೆ, ಪಿಜಿ ಆಂಟಿ ಏನೂ ಮಾತಾಡ್ದೇ ಗೇಟ್ ಬೀಗ ಹಾಕಿ ಕೀ ಜೇಬಿಗೆ ಇಟ್ಕೊಂಡ್ರು.

ಸ್ಟೆಪ್ 7: ಮಳೆಗಾಲದ ಶನಿವಾರ ಭಾನುವಾರ

ಈಗ ಹೋಗಿ ಅಬ್ಬಿಗೆ. ಶನಿವಾರ ಬೆಳಿಗ್ಗೆ ಗೇಟ್ ತೆಗೆಯೋ ಹೊತ್ತಿಗೇ ಆಟೋದಲ್ಲಿ, ನಾಲ್ಕು ಜನ ಸೇರಿದ್ರೆ ಜಾಸ್ತಿ ಆಗಲ್ಲ. ಕಾಫಿ ಮೆಣಸಿನ ತೋಟದ ಮಧ್ಯ ಮೆಟ್ಟಿಲು ಇಳೀತಾ ಇದ್ದಂಗೇ ಸದ್ದು ಕೇಳ್ಸತ್ತೆ, ಎದುರಿಗೆ ನಿಂತ್ರೆ ಮುಖಕ್ಕೆ ಹನಿ. ಬೇಲಿ ದಾಟಿ ಬಂಡೆ ಮೇಲೆ ಹೋಗೋದು ಬೇಡ, ಎಲ್ಲ ಫಾಲ್ಸಿಗೂ ಇದೇ ಮಾತು. ಸೋಮವಾರಪೇಟೆ ಆಚೆ ಮಲ್ಲಳ್ಳಿ ಇನ್ನೂ ದೊಡ್ಡದು, ಕುಮಾರಧಾರಾ ನದೀದು, ಆದ್ರೆ ಸೋಮವಾರಪೇಟೆಯಿಂದ ಮುಂದಕ್ಕೆ ಜೀಪೋ ಆಟೋನೋ ಬೇಕು, ಇಳಿದಷ್ಟೂ ಮೆಟ್ಟಿಲು ವಾಪಸ್ ಹತ್ತಬೇಕು.

ಬೈಲುಕುಪ್ಪೆ ಮಳೆ ದಿನಕ್ಕೆ ಬೆಸ್ಟು. ಕುಶಾಲನಗರ ದಾಟಿದ್ರೆ ಸಿಗತ್ತೆ, ಲೆಕ್ಕಕ್ಕೆ ಮೈಸೂರು ಜಿಲ್ಲೆ. 1961ರಿಂದ ಟಿಬೆಟಿನೋರು ಇಲ್ಲಿದಾರೆ, ನಮ್ಡ್ರೋಲಿಂಗ್ ಮಠ 1963ರಲ್ಲಿ ಶುರುವಾಗಿದ್ದು, ಒಳಗಿನ ಮೂರು ಚಿನ್ನದ ಬಣ್ಣದ ಮೂರ್ತಿ ನೋಡೋಕೆ ಕತ್ತು ನೋಯತ್ತೆ. ಟೂರಿಸ್ಟು ಫೋಟೋ ತೆಗೆದು ಹತ್ತು ನಿಮಿಷದಲ್ಲಿ ಹೊರಡ್ತಾರೆ, ನೀವು ಒಂದು ಮೂಲೇಲಿ ಕೂತ್ಕೊಳ್ಳಿ, ಪ್ರಾರ್ಥನೆ ಹೊತ್ತಾದ್ರೆ ಆ ದೊಡ್ಡ ಕಹಳೆ ಸದ್ದು ಎದೆಗೆ ಬಡಿಯತ್ತೆ. ಆಮೇಲೆ ಒಳಗಿನ ಬೀದೀಲಿ ತುಕ್ಪಾ (ಟಿಬೆಟಿನ ನೂಡಲ್ಸ್ ಸೂಪು) ಕುಡೀರಿ. ಕಾವೇರಿ ನಿಸರ್ಗಧಾಮ ಅಲ್ಲೇ ಹತ್ರ, ಬಿದಿರು ಮೆಳೆ ಚೆನ್ನಾಗಿದೆ, ಆದ್ರೆ ನದಿ ಏರಿದ್ರೆ ಬಂದ್. ದುಬಾರೆ ಕೂಡ ಹಾಗೇ, ದೋಣಿ ನಿಂತ್ರೆ ಆನೆ ಆ ದಡ ನೀವು ಈ ದಡ.

ಏನೂ ಆಗದ ಭಾನುವಾರ ಯಾರಾದ್ರೂ ಊಟಕ್ಕೆ ಕರೆದ್ರೆ ಸಂಕೋಚ ಪಡದೇ ಹೋಗಿ. ನಮ್ಮ ಆಫೀಸಿನ ಡ್ರಾಫ್ಟ್ಸ್‌ಮನ್ ಅಣ್ಣ ಅವರ ಐನ್‌ಮನೆಗೆ ಕರ್ಕೊಂಡು ಹೋಗಿದ್ರು, ಐನ್‌ಮನೆ ಅಂದ್ರೆ ಒಕ್ಕದ ಮೂಲ ಮನೆ, ಮುಂದೆ ಕಯ್ಯಾಲೆ ಅಂತ ಉದ್ದ ಜಗಲಿ, ದಪ್ಪ ಮರದ ಕಂಬಗಳು, ಮಳೆ ನೋಡ್ತಾ ಅಲ್ಲಿ ಕೂತ್ರೆ ಏಳೋಕೇ ಮನಸ್ಸಾಗಲ್ಲ. ಚಪ್ಪಲಿ ಕೆಳಗೇ ಬಿಡಿ, ಅಳತೆ ಟೇಪ್ ತೆಗೆಯೋ ಮುಂಚೆ ಮನೆ ಹಿರಿಯರ್ನ ಕೇಳಿ. ಆ ಸೀಸನ್ನಲ್ಲಿ ಬಿದಿರು ಕಳಲೆ ಬರತ್ತೆ, ಕಳಲೆ ಸಾರು, ಅಕ್ಕಿ ರೊಟ್ಟಿ, ನೂಪುಟ್ಟು (ಒತ್ತು ಶಾವಿಗೆ). ಮಾಂಸ ತಿನ್ನೋರಿಗೆ ಪಂದಿ ಕರಿ (ಹಂದಿ ಮಾಂಸದ್ದು), ಕಡಂಬುಟ್ಟು (ಅಕ್ಕಿ ತರಿ ಉಂಡೆ), ಹುಳಿಗೆ ಕಾಚಂಪುಳಿ ಅಂತ ಕಪ್ಪಗೆ ಕಾಯಿಸಿದ ರಸ ಹಾಕ್ತಾರೆ. ತಿನ್ನಲ್ಲ ಅಂದ್ರೆ ಮೊದಲೇ ಹೇಳಿ, ಯಾರೂ ಬೇಜಾರು ಮಾಡ್ಕೊಳ್ಳಲ್ಲ, ಬಡಿಸಿದ್ಮೇಲೆ ಹೇಳಿದ್ರೆ ಮುಖ ಸಣ್ಣಗಾಗತ್ತೆ.

ಸ್ಟೆಪ್ 8: ಉಂಬಳ, ಆನೆ, ತೋಟ

ಉಂಬಳ, ಅಂದ್ರೆ ರಕ್ತ ಹೀರೋ ಜಿಗಣೆ, ಹತ್ತತ್ತೆ, ಹತ್ತೇ ಹತ್ತತ್ತೆ. ಪ್ಯಾಂಟನ್ನ ಸಾಕ್ಸ್ ಒಳಗೆ ಸೇರಿಸಿ, ಶೂಗೆ ಉಪ್ಪು ಇಲ್ಲಾ ಹೊಗೆಸೊಪ್ಪಿನ ಪುಡಿ ಸವರಿ, ಒಂದೇ ಕಡೆ ನಿಲ್ಬೇಡಿ. ಕಚ್ಕೊಂಡಿದ್ರೆ ಎಳೀಬೇಡಿ, ಉಗುರಿಂದ ಪಕ್ಕದಿಂದ ಸರಿಸಿ, ರಕ್ತ ಸ್ವಲ್ಪ ಹೊತ್ತು ಹರಿಯತ್ತೆ, ಅದು ರಕ್ತ ಹೆಪ್ಪುಗಟ್ಟದೇ ಇರೋ ಹಾಗೆ ಮಾಡಿರತ್ತೆ ಅಷ್ಟೇ, ತೊಳೆದು ಒತ್ತಿ ಹಿಡೀರಿ.

ಆನೆ ವಿಷ್ಯ ತಮಾಷೆ ಅಲ್ಲ. ಸಿದ್ದಾಪುರ, ವಿರಾಜಪೇಟೆ, ಪೊನ್ನಂಪೇಟೆ ಕಡೆ ತೋಟದೊಳಗೇ ಓಡಾಡ್ತಾವೆ. ನಸುಕು, ಮುಸ್ಸಂಜೆ ಆ ರೋಡಲ್ಲಿ ನಡಿಯೋದು, ಇಯರ್‌ಫೋನ್ ಹಾಕ್ಕೊಂಡು ಜಾಗಿಂಗು, ಎಲ್ಲ ಬೆಂಗಳೂರಿಗೇ ಇರ್ಲಿ. ಮತ್ತೆ ದಾರಿ ಪಕ್ಕ ಕಾಣೋ ಕಾಫಿ ಗಿಡ, ಮೆಣಸಿನ ಬಳ್ಳಿ ಎಲ್ಲ ಯಾರ್ದೋ ದುಡಿಮೆ, ಫೋಟೋಗೆ ಅಂತ ಒಳಗೆ ನುಗ್ಗಿ ಕೊಂಬೆ ಬಗ್ಗಿಸ್ಬೇಡಿ.

ಸ್ಟೆಪ್ 9: ವಾಪಸ್ ಬರೋ ಬಸ್ಸು

ಕೊನೇ ವೀಕೆಂಡ್ ಭಾನುವಾರ ಸಂಜೆ ಬಸ್ ಹತ್ಬೇಡಿ, ಟೂರಿಸ್ಟು, ಹಾಸ್ಟೆಲ್ ಹುಡುಗ್ರು, ನಿಮ್ಮ ಎರಡು ತಿಂಗಳ ಲಗೇಜು, ಎಲ್ಲ ಒಂದೇ ಬಸ್ಸಲ್ಲಿ. ಸೋಮವಾರ ಬೆಳಿಗ್ಗೆ ಬಸ್ಸಿಗೆ ಹೊರಡಿ, ಭಾನುವಾರ ಸಂಜೆ ರಾಜಾಸೀಟಲ್ಲಿ ಕೂತ್ಕೊಂಡು ಕತ್ಲಾಗೋದು ನೋಡಬಹುದು. ಮನೆಗೆ ಜೇನು, ಕಾಳುಮೆಣಸು, ಕಾಚಂಪುಳಿ ತಗೊಳ್ಳೋದಿದ್ರೆ ಮೇನ್ ರೋಡಿನ ಫಳಫಳ ಅಂಗಡಿಗಿಂತ ಪಿಜಿ ಆಂಟಿಗೆ ಒಂದು ವಾರ ಮುಂಚೆ ಹೇಳಿಟ್ರೆ ಯಾರದ್ದೋ ತೋಟದ್ದು ತರಿಸಿ ಕೊಡ್ತಾರೆ. ಕಾಚಂಪುಳಿ ಬಾಟ್ಲಿ ಮುಚ್ಚಳಕ್ಕೆ ಟೇಪ್ ಸುತ್ತಿ, ಎರಡು ಕವರ್ ಹಾಕಿ, ಕೈ ಬ್ಯಾಗಲ್ಲಿ ನಿಲ್ಲಿಸಿ ಇಟ್ಕೊಳ್ಳಿ. ನಾನು ಸೂಟ್‌ಕೇಸಲ್ಲಿ ಮಲಗಿಸಿದ್ದೆ, ನನ್ನ ಮೆಷರ್ಡ್ ಡ್ರಾಯಿಂಗ್ ಶೀಟುಗಳು ಇವತ್ತಿಗೂ ಹುಳಿ ವಾಸನೆ.